ಮಂಕರಿ ಹಾಲಿನ ಮೂರನೇ ಕೂಗು

ಕೋಲಾರದ ಪಾರ್ಕಿನ ನಡುವೆ ಇರುವ ಆ ಗುಂಡನೆಯ ಕಟ್ಟಡಕ್ಕೆ ಸರ್ಕಾರ ಇಟ್ಟ ಹೆಸರು ವಸ್ತುಪ್ರದರ್ಶನ ಭವನ. ಜನ ಇಟ್ಟ ಹೆಸರು ಮಂಕರಿ ಹಾಲ್. ಮಂಕರಿ ಬುಟ್ಟಿ ಬೋರಲು ಹಾಕಿದ ಹಾಗೆ ಒಂದೇ ಸಿಮೆಂಟಿನ ಚಿಪ್ಪು, ಸುತ್ತ ತೂತುತೂತಿನ ಗೋಡೆ, ಒಳಗೆ ಒಂದು ಕಂಬವೂ ಇಲ್ಲ. ಕಟ್ಟಿದ ಹೊಸದರಲ್ಲಿ ಹಳ್ಳಿಯವರು ಒಳಗೆ ಕಾಲಿಡಲು ಹೆದರಿದ್ದರಂತೆ. ಕಂಬ ಇಲ್ಲದ್ದನ್ನು ನಂಬೋದು ಹೇಗೆ. ವರ್ಷಕ್ಕೊಮ್ಮೆ ಅಲ್ಲಿ ರೇಷ್ಮೆ, ತರಕಾರಿ, ಹೂವಿನ ಪ್ರದರ್ಶನ ನಡೆಯುತ್ತಿತ್ತು. ಹೆಸರಿಗೆ ಹಾಲು, ಒಳಗೆ ಸಿಗುತ್ತಿದ್ದದ್ದು ಮಜ್ಜಿಗೆ.

ಈಗ ಪ್ರದರ್ಶನ ನಿಂತಿದೆ. ಮುಂದಿನ ತಿಂಗಳು ಕೆಡವುತ್ತಾರೆ ಅನ್ನೋ ಸುದ್ದಿ ಕಿವಿಗೆ ಬಿದ್ದದ್ದೇ ಅಮ್ಮ ಹಟ ಹಿಡಿದಳು.

"ಮೂರ್ತಿ, ಒಂದ್ಸಲ ಕರ್ಕೊಂಡ್ ಹೋಗೋ. ಅಲ್ಲಿ ನಿಂತು ನಿಮ್ಮಪ್ಪನ ಹಂಗೆ ಕೂಗು."

ನಾನು ಮಿಮಿಕ್ರಿಯವನು. ನಮ್ಮ ಪ್ರಿನ್ಸಿಪಾಲರು, ಮಾಲೂರು ರೈಲಿನ ಕಡಲೆಕಾಯಿಯವನು, ನಂಗಲಿಯಲ್ಲಿ ರಿವರ್ಸ್ ಹೊಡೆಯುವ ಲಾರಿ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಅಪ್ಪನ ದನಿಯನ್ನು ಮಾತ್ರ ಅವನು ಹೋದಮೇಲೆ ಮುಟ್ಟಿರಲಿಲ್ಲ. ಅಪ್ಪ ಮುನಿನಾರಾಯಣಪ್ಪ ಪ್ರದರ್ಶನದ ಮೈಕಿನವನು. ಬಹುಮಾನ ಗೆದ್ದ ಕುಂಬಳಕಾಯಿ, ತಪ್ಪಿಸಿಕೊಂಡ ಮಗು, ಎರಡನ್ನೂ ಒಂದೇ ಗತ್ತಿನಲ್ಲಿ ಸಾರುತ್ತಿದ್ದ. ಫೋನಂದರೆ ಆಗದು. "ಮೈಕ್ ಹಿಡಿದ ಕೈಗೆ ಬೆಂಕಿಪೊಟ್ಟಣವಾ" ಅನ್ನುತ್ತಿದ್ದ. ಹಾಗಾಗಿ ಅವನ ದನಿ ಎಲ್ಲೂ ಉಳಿದಿಲ್ಲ.

ಮನೆಯಲ್ಲಿ ಅಮ್ಮನನ್ನು ಅವನು ಹೆಸರು ಹಿಡಿದು ಕರೆದವನಲ್ಲ. ತೆಲುಗಿನಲ್ಲಿ "ಏಮೇ" ಅಂದರೆ ಮುಗಿಯಿತು. ಆದರೆ ಪ್ರದರ್ಶನದ ಕೊನೆಯ ಸಂಜೆ, ಜನ ಕರಗಿದ ಮೇಲೆ, ಒಮ್ಮೆ ಕೆಮ್ಮಿ ಮೈಕಿನಲ್ಲಿ ಹೇಳುತ್ತಿದ್ದ: "ವಕ್ಕಲೇರಿಯ ಶ್ರೀಮತಿ ದೊಡ್ಡವೆಂಕಟಮ್ಮನವರು ಎಲ್ಲಿದ್ದರೂ ಬರಬೇಕು. ನಿಮ್ಮವರು ಕಾಯ್ತಾ ಇದ್ದಾರೆ."

ಅಮ್ಮ ಅಲ್ಲೇ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮೊದಲ ಕೂಗಿಗೆ ಏಳಳು, ಎರಡನೆಯದಕ್ಕೂ ಏಳಳು. ದೆವ್ವ ಮೂರು ಸಲ ಕೂಗೋದಿಲ್ಲ, ಮೂರನೇ ಕೂಗಿಗೆ ಮಾತ್ರ ಓಗೊಡಬೇಕು ಅಂತ ನಮ್ಮ ಕಡೆ ಮಾತು. "ಹೆಸರು ಮೂರು ಸಲ ಕೇಳೋ ಆಸೆ ಇವಳಿಗೆ, ಪಾಪ ದೆವ್ವದ ಮೇಲೆ ಹಾಕ್ತಾಳೆ" ಅಂತ ಅಪ್ಪ ನಗುತ್ತಿದ್ದ. ಮೂರನೆಯದಕ್ಕೆ ಅವಳು ಎದ್ದು ಸೆರಗು ಕೊಡವಿ "ಓ" ಅನ್ನುತ್ತಿದ್ದಳು. ಇಬ್ಬರೂ ಬಸ್ಸಿಗೆ ಹೋಗುತ್ತಿದ್ದರು.

ಅಷ್ಟೇ ಆಗಿದ್ದರೆ ನಾನು ಖುಷಿಯಾಗಿ ಕೂಗುತ್ತಿದ್ದೆ. ಆದರೆ ಈಚೆಗೆ ಅಮ್ಮ ಒಂದೊಂದೇ ಕಳಚುತ್ತಿದ್ದಳು. ಕಿವಿಯ ಓಲೆ ನನ್ನ ಹೆಂಡತಿ ಪದ್ಮಶ್ರೀಗೆ, ಧಾರೆ ಸೀರೆ ತಂಗಿಗೆ. ಮುದ್ದೆ ಅರ್ಧಕ್ಕೆ ಇಳಿದಿತ್ತು. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಹೊರಡೋದೂ ಒಂದು ಕಾಯಿಲೆನಾ?" ಅನ್ನುತ್ತಿದ್ದಳು.

ಮಧ್ಯಾಹ್ನ ಪಾರ್ಕಿನ ಕಾವಲಿನ ಕದಿರೇಶ್ ಬೀಗ ತೆಗೆದ. "ಒಳಗೆ ಜಾಸ್ತಿ ಮಾತಾಡ್ಬೇಡಿ ಸಾರ್. ಒಂದು ಮಾತಿಗೆ ಎರಡು ಮಾತು ಬರುತ್ತೆ."

"ನಮ್ಮನೇಲೂ ಹಂಗೇ" ಅಂದೆ. ಅವನು ನಗಲಿಲ್ಲ.

ತೂತುಗಳಿಂದ ಬಿಸಿಲು ನೆಲದ ಮೇಲೆ ಕಾಸುಕಾಸಾಗಿ ಬಿದ್ದಿತ್ತು. ಮೇಲೆಲ್ಲೋ ಪಾರಿವಾಳಗಳ ಗುಟುರು. ಅಮ್ಮ ತನ್ನ ಕಟ್ಟೆ ಹುಡುಕಿ, ಚಪ್ಪಲಿ ಬಿಟ್ಟು ಕೂತಳು. ನಾನು ಅಪ್ಪನ ಸ್ಟೇಜ್ ಇದ್ದ ಕಡೆ ಹೋಗಿ ನಿಂತು ಕೂಗಿದೆ. ಕೆಮ್ಮನ್ನು ಮಾತ್ರ ಬಿಟ್ಟೆ. ಕೊನೆಗೆ ಅವನನ್ನು ತಿಂದದ್ದು ಆ ಕೆಮ್ಮೇ.

ಹಾಲ್ ನನ್ನ ಮಾತನ್ನು ಸುತ್ತಿಸಿ ಸುತ್ತಿಸಿ ವಾಪಸ್ಸು ಕೊಟ್ಟಿತು. ಅಮ್ಮ ಅಲ್ಲಾಡಲಿಲ್ಲ.

ಎರಡನೇ ಸಲ ಕೂಗಿದೆ. ಅಮ್ಮನ ಕಾಲು ಚಪ್ಪಲಿ ಹುಡುಕಿತು. ಆಗ ನಾನು ಹೇಳುತ್ತಿರುವುದು ಏನು ಅಂತ ನನಗೇ ಕೇಳಿಸಿತು. ಎಲ್ಲಿದ್ದರೂ ಬರಬೇಕು. ಕಾಯ್ತಾ ಇದ್ದಾರೆ. ಇನ್ನೊಂದು ಸಲ ಕೂಗಿದರೆ ಇವಳು ಎದ್ದುಬಿಡುತ್ತಾಳೆ.

"ಇನ್ನೊಂದು" ಅಂದಳು.

"ಗಂಟಲು ಕಟ್ಟಿದೆ ಕಣಮ್ಮ."

"ಲೇ, ಕೂಗೋ."

"ಬೇಡ. ಹೋಗೋಣ."

ಹೋಗೋಣ, ಹೋಗೋಣ ಅಂತು ಮಂಕರಿ. ಆಮೇಲೆ ಪಾರಿವಾಳಗಳೂ ಸುಮ್ಮನಾದವು.

ಮೇಲೆ ಯಾರೋ ಕೆಮ್ಮಿದರು. ಮೈಕಿನಿಂದ ಮುಖ ಆಚೆ ತಿರುಗಿಸಿ ಕೆಮ್ಮುವ ಹಾಗೆ. ನಂತರ ಮೂರನೇ ಕೂಗು ಬಂತು, 'ಎಲ್ಲಿದ್ದರೂ'ವನ್ನು ತೆಲುಗಿನವರ ಹಾಗೆ ಒಂದಿಷ್ಟು ಎಳೆದು. ಆ ಎಳೆತ ಅಪ್ಪನಿಗಿತ್ತು ಅನ್ನೋದನ್ನೇ ನಾನು ಮರೆತಿದ್ದೆ. ತುಟಿ ಮುಟ್ಟಿ ನೋಡಿಕೊಂಡೆ. ಮುಚ್ಚಿತ್ತು.

ಅಮ್ಮ ಎದ್ದಳು. ಸೆರಗು ಕೊಡವಿದಳು. ತಲೆಯೆತ್ತಿ "ಓ" ಅಂದಳು.



"ಕೇಳಿಸ್ತು ಕಣ್ರೀ" ಅಂದಳು, ಪಕ್ಕದ ಮನೆಯವರ ಜೊತೆ ಬೇಲಿಯಾಚೆಯಿಂದ ಮಾತಾಡೋ ಹಾಗೆ. "ಮನೇಲಿ ರೇಷ್ಮೆ ಹುಳ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿವೆ, ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು. ಇವನ ಹೆಂಡ್ತಿ ಒದ್ದೆ ಸೊಪ್ಪು ಹಾಕಿ ಸಾಯಿಸ್ತಾಳೆ. ಗೂಡು ಕಟ್ಲಿ, ಆಮೇಲೆ ನೋಡೋಣ. ಅಲ್ಲೀವರ್ಗೂ ಕಾಯ್ರಿ. ನಾನು ಇದೇ ಕಟ್ಟೆ ಮೇಲೆ ಕಾಯ್ಲಿಲ್ವಾ?"

ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಚಪ್ಪಲಿಯ ಸದ್ದು ಎರಡೆರಡಾಗಿ ವಾಪಸ್ಸು ಬಂತು. ಅವಳ ಮಾತು ಮಾತ್ರ ಬರಲಿಲ್ಲ, ಯಾರೋ ಇಟ್ಟುಕೊಂಡ ಹಾಗೆ.

ಕದಿರೇಶ್ ಬೀಗ ಹಾಕಿದ. ಬೈಕಿನ ಹಿಂದೆ ಹತ್ತುತ್ತಾ ಅಮ್ಮ, "ಆ ಓಲೆ ಪದ್ಮಶ್ರೀಗೆ ಒಪ್ಪಲ್ಲ ಕಣೋ. ಸಂಜೆ ಇಸ್ಕೊಡು" ಅಂದಳು.

ಬೀಗ ಹಾಕಿದ ಮಂಕರಿಯೊಳಗೆ ಕೆಮ್ಮು ಕೇಳಿಸಿತು. ನಾನು ತಿರುಗಿದೆ. ಅಮ್ಮ ತಿರುಗಲಿಲ್ಲ.

"ಇನ್ನೂ ಒಂದೇ ಸಲ ತಾನೇ, ಮೂರಾಗ್ಲಿ" ಅಂದಳು. "ನಡಿ, ಸೊಪ್ಪಿನ ಹೊತ್ತು ಮೀರ್ತು."