ಬಾಗಿಲ ಕಡೆಗೆ ತಿರುಗಿದ ಚಪ್ಪಲಿ

ಹಿಡಿತ ಸಡಿಲವಾಯಿತೇನೋ, ನೀರಜಾಳ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕಿತ್ತೇನೋ, ಪರೀಕ್ಷೆ ಅವಳದು, ಬ್ಲ್ಯಾಕ್ ಬೆಲ್ಟಿನದು, ಸುಳ್ಳುಸುಳ್ಳೇ ಹಿಡಿದರೆ ಕೆಡುವುದು ಅವಳ ಐಕಿಡೋ ಪಟ್ಟು — ಅಷ್ಟರಲ್ಲಿ ಅವಳು ತಿರುಗಿದಳು, ಇಂದುಧರನ ಕಾಲು ನೆಲ ಬಿಟ್ಟಿತು, ಉರುಳಿ ಎದ್ದ, ನೋವಿಲ್ಲ, ಅವಳು ಬೀಳಿಸಿದರೆ ಎಂದೂ ನೋವಿಲ್ಲ, ಮುಂದಿನ ಸಾಲಿನಿಂದ ಅವಳ ಅಮ್ಮ, ಅಯ್ಯೋ ಪಾಪ, ಲಾಸ್ ಏಂಜಲೀಸಿಂದ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡ್ಕೊಂಡು ಬಂದಿದ್ದು ಬೀಳೋಕಾ ಈ ಹುಡುಗ, ಹೌದು ಆಂಟಿ, ಬೀಳೋಕೇ, ಅಲ್ಲಿ ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನ ಮ್ಯಾಟ್ ಮೇಲೆ ನಾಲ್ಕು ವರ್ಷ ಇವಳ ಕೈಯಲ್ಲಿ ಬಿದ್ದು ಬಿದ್ದು ಅಭ್ಯಾಸ — ಅಲ್ಲಿ ಮೊದಲ ದಿನ, ಎರಡು ಸಾವಿರದ ಎರಡರ ಚಳಿಗಾಲ, ಮ್ಯಾಟಿನ ಅಂಚಿನಲ್ಲಿ ಚಪ್ಪಲಿ ಹೇಗೆಂದರೆ ಹಾಗೆ ಬಿಟ್ಟು ಹತ್ತಿದ್ದ, ಏಯ್, ಬಾಗಿಲ ಕಡೆಗೆ ಮುಖ ಮಾಡಿ ಇಡ್ಬೇಕು ಕಣೋ, ಇಲ್ಲಿನ ಪದ್ಧತಿ, ಎಂದು ಗದರಿ ಅವಳೇ ಬಗ್ಗಿ ತನ್ನ ಜೋಡಿಯ ಪಕ್ಕ ಅವನದನ್ನೂ ತಿರುಗಿಸಿಟ್ಟಿದ್ದಳು, ಆಮೇಲೆ ಅವನು ಬೇಕೆಂದೇ ಮರೆಯುತ್ತಿದ್ದ. ಚಪ್ಪಲಿಯ ಮಾತು ಬಂದರೆ ಸಾಕು, ಗುರುಗಳು ಮೊರಿಮೊಟೊ ತಮ್ಮ ಗುರುವಿನ ಕಥೆ ತೆಗೆಯುತ್ತಿದ್ದರು, ಯುದ್ಧ ಮುಗಿದ ಮೇಲೆ ಜಪಾನಿನ ಕೋಬೆಯಲ್ಲಿ ಕೋಲೆತ್ತಿಕೊಂಡು ಬಂದವನೊಬ್ಬನನ್ನು ಅವರು ಮೆತ್ತಗೆ ನೆಲಕ್ಕೆ ಇಳಿಸಿ, ಅವನ ಕಾಲಿನಿಂದ ಜಾರಿದ ಚಪ್ಪಲಿಯನ್ನು ಹುಡುಕಿ ತಂದು ಮುಂದಿಟ್ಟರಂತೆ, ಹೊಡೆಯಲು ಬಂದವನೂ ಮನೆಗೆ ನಡೆದು ಹೋಗಬೇಕಲ್ಲ. ಬರುವ ಬಲಕ್ಕೆ ಅಡ್ಡ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ — ಗುರುಗಳ ಪಾಠದಲ್ಲಿ ಇದೊಂದನ್ನು ಇಂದುಧರ ಚೆನ್ನಾಗಿ ಕಲಿತ, ಎರಡು ವರ್ಷದ ಹಿಂದೆ, ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ತು ಕಣೋ, ಎಂದು ಅವಳು ಹೇಳಿದಾಗ ಕಂಗ್ರಾಟ್ಸ್ ಎಂದು ಸರಿದ, ಈ ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಬ್ಯಾಗಿನ ಪಟ್ಟಿ ತಿರುಚುತ್ತ, ಆಫೀಸಿಂದ ಒಸಾಕಾಗೆ ಕಳಿಸ್ತಾರಂತೆ, ಸೋಮವಾರ ಉತ್ತರ ಹೇಳ್ಬೇಕು, ಏನ್ ಹೇಳ್ಲಿ, ಎಂದು ಕೇಳಿದಾಗಲೂ, ಒಳ್ಳೇದೇ ಆಯ್ತಲ್ಲ, ಎಂದ, ಅಷ್ಟೇನಾ, ಎಂದಳು ಅವಳು, ಅವನು ಕಾರಿನ ಬೀಗ ಹಾಕಿದೆನೇ ಎಂದು ಮತ್ತೊಮ್ಮೆ ನೋಡಿದ — ದೂರ ಹೋದೆ, ಇಂದುಧರ, ಅಭ್ಯಾಸದಲ್ಲಿ ಅವಳು ಹಿಡಿಯಲು ಬಂದು ಅವನು ಸರಿದಾಗಲೆಲ್ಲ ಗುರುಗಳು ಹೇಳುತ್ತಿದ್ದರು, ನಿನ್ನನ್ನು ನೀನು ಉಳಿಸಿಕೊಂಡೆ, ಸರಿ, ಅವಳನ್ನು ನೋಡಿಕೊಳ್ಳುವವರು ಯಾರು, ತಿರುಗಿ ಪಕ್ಕದಲ್ಲೇ ನಿಲ್ಲು, ಅವಳು ನೋಡುವ ಕಡೆಗೇ ನೋಡು — ಈಗ ಮತ್ತೆ ಹಿಡಿದಿದ್ದಾನೆ, ಗಟ್ಟಿಯಾಗಿ, ಅವಳು ತಿರುಗುತ್ತಾಳೆ, ಒಂದು ಕ್ಷಣ ಭುಜಕ್ಕೆ ಭುಜ, ಇಬ್ಬರ ಮುಖವೂ ಬಾಗಿಲ ಕಡೆ, ಅಲ್ಲಿ ಅಂಚಿನಲ್ಲಿ ಎರಡು ಜೋಡಿ ಚಪ್ಪಲಿ, ಅವಳ ಉಸಿರು ಕೇಳುತ್ತದೆ, ಈಗ, ಈಗಲೇ, ಬಾಯಿ ತೆರೆದ — ಬಿದ್ದ.

ಚಪ್ಪಾಳೆ, ಫೋಟೋ, ಆಂಟಿಯ ಕೋಡುಬಳೆ ಡಬ್ಬಿ, ನಿಧಾನಕ್ಕೆ ಡ್ರೈವ್ ಮಾಡು ಕಣೋ, ಎಂದಿದ್ದಳು ನೀರಜಾ, ತಲೆಯಾಡಿಸಿದ್ದ, ಅವರ ಕಾರು ಹೋಯಿತು, ಮ್ಯಾಟಿನ ಅಂಚಿಗೆ ಬಂದರೆ ಅವನದೊಂದೇ ಜೋಡಿ, ಬೆಳಿಗ್ಗೆ ಹೇಗೆಂದರೆ ಹಾಗೆ ಬಿಟ್ಟದ್ದು, ಬಾಗಿಲ ಕಡೆಗೆ ತಿರುಗಿ ಕೂತಿದೆ, ಇವತ್ತೂ ಅವಳೇ, ಪಕ್ಕದಲ್ಲಿ ಇನ್ನೊಂದು ಜೋಡಿಯ ಜಾಗ ಖಾಲಿ, ಚಪ್ಪಲಿ, ಬಾಗಿಲು, ಚಪ್ಪಲಿ. ನಾನೂ ಬರ್ತೀನಿ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.