ನಾಲ್ಕನೇ ಜ್ವರ

ಕಚೇರಿಯ ಕಿಟಕಿಯಾಚೆ ಸಭಾಂಗಣದ ಬಾಗಿಲು ಕಾಣುತ್ತಿತ್ತು. ಬಾಗಿಲ ಮೇಲೆ ಬ್ಯಾನರು ಕಟ್ಟಿದ್ದರು. ಅದರಲ್ಲಿ ಗಂಗುಲಮ್ಮನ ಫೋಟೊ, ಪಕ್ಕದಲ್ಲಿ ಗಂಡ ವೆಂಕಟರವಣಪ್ಪನ ಫೋಟೊ. ಕೆಳಗೆ ದಪ್ಪಕ್ಷರದಲ್ಲಿ, 'ಭೀಕರ ಜ್ವರಕ್ಕೆ ತುತ್ತಾದ ಆಫ್ರಿಕಾದ ಹಳ್ಳಿಯಲ್ಲಿ ಸೇವೆ ಸಲ್ಲಿಸಿ ಮರಳಿದ ಹಿರಿಯ ಧಮ್ಮದೂತ ದಂಪತಿಗೆ ಅಭಿನಂದನೆ'. ಗಂಗುಲಮ್ಮ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಕ್ಷರ ಕೂಡಿಸಿಕೊಂಡು ಓದಿದಳು. ಭೀಕರ ಜ್ವರ ಎನ್ನುವಲ್ಲಿಗೆ ಬಂದು ನಿಂತಳು.

"ಅದನ್ನ ಇಳ್ಸಕ್ಕೆ ಹೇಳ್ರಿ," ಎಂದಳು ಗಂಡನಿಗೆ.

"ಕಾರ್ಯದರ್ಶಿ ಬರ್ಲಿ ಕಣಮ್ಮ. ಮಾತಾಡಣ."

"ನೀವು ಮಾತಾಡಿದ್ರಿಂದಾನೇ ನಾವಿಲ್ಲಿ ಕೂತಿರೋದು."

ವೆಂಕಟರವಣಪ್ಪ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷು ಪಾಠ ಮಾಡಿದ ಮನುಷ್ಯ. ಮೇಲಿನಿಂದ ಬಂದ ಸುತ್ತೋಲೆಗೆ ಎಂದೂ ಎದುರಾಡಿದವನಲ್ಲ.

ಚಿಕ್ಕಬಳ್ಳಾಪುರದ ಈ ಕರುಣಾಕಿರಣ ಸಂಘ ನಿವೃತ್ತರಾದ ಗಂಡಹೆಂಡಿರನ್ನು ಎರಡು ವರ್ಷಕ್ಕೆಂದು ಹೊರದೇಶಕ್ಕೆ ಕಳಿಸುತ್ತಿತ್ತು. ಬುದ್ಧನ ಮಾತು ಹೇಳುವುದು, ಮಕ್ಕಳಿಗೆ ಪಾಠ ಮಾಡುವುದು, ಊರಿನವರ ಜೊತೆ ಬದುಕುವುದು, ಇಷ್ಟೇ ಕೆಲಸ. ಇವರು ಮೇಲೂರಿನಿಂದ ಉಗಾಂಡದ ಒಂದು ಹಳ್ಳಿಗೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಅಲ್ಲಿ ಯಾವುದೋ ಹಳೆಯ ಯೋಜನೆಯವರು ನೆಟ್ಟುಹೋದ ಹಿಪ್ಪುನೇರಳೆ ಗಿಡಗಳು ಕಾಡು ಬೆಳೆದು ನಿಂತಿದ್ದವು. ಗಂಗುಲಮ್ಮ ಅದನ್ನು ನೋಡಿದ ದಿನ ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ. ಹನ್ನೊಂದನೇ ವಯಸ್ಸಿಗೆ ಶಿಡ್ಲಘಟ್ಟದ ಷರೀಫ್ ಸಾಹೇಬರ ರೇಷ್ಮೆ ಫಿಲೇಚರಿನಲ್ಲಿ ಬಿಸಿನೀರಿಗೆ ಕೈ ಅದ್ದಿ ನೂಲು ಬಿಚ್ಚಲು ಕೂತವಳು, ಆಮೇಲೆ ಮನೆಯಲ್ಲೇ ಮೂವತ್ತು ವರ್ಷ ಹುಳ ಸಾಕಿದವಳು. ಅಷ್ಟು ಸೊಪ್ಪು ಸುಮ್ಮನೆ ಉದುರುವುದನ್ನು ಅವಳ ಕೈ ಸಹಿಸಲಿಲ್ಲ. ಗಿಡ ಸವರಿಸಿದಳು, ಅಲ್ಲಿನ ಕೃಷಿ ಕೇಂದ್ರದಿಂದ ಹುಳದ ಮೊಟ್ಟೆ ತರಿಸಿದಳು. ಮೂವತ್ತೆರಡು ಮನೆಗಳಲ್ಲಿ ಹುಳ ಸಾಕಿಸಿದಳು. ಮೊದಲ ಬೆಳೆ. ನಕಾಟೊ ಎಂಬ ಗಟ್ಟಿ ಹೆಂಗಸು ಅವಳ ಬಲಗೈ.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಹುಳ ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಆಮೇಲೆ ಹಳೆಯ ಚರ್ಮ ಕಳಚಿ ಎದ್ದು ತಿನ್ನುತ್ತದೆ. ಗೂಡು ಕಟ್ಟುವ ಮೊದಲು ಹೀಗೆ ನಾಲ್ಕು ಜ್ವರ. ನಾಲ್ಕನೆಯದು ಬಂದ ದಿನ ವೆಂಕಟರವಣಪ್ಪ ವೀಸಾ ಕೆಲಸಕ್ಕೆ ಪೇಟೆಗೆ ಹೋಗಿದ್ದ. ವಾರದ ವರದಿ ಕಳಿಸಬೇಕಿತ್ತು. ಬರೆದು ರೂಢಿಯಿಲ್ಲದ ಗಂಗುಲಮ್ಮ ಸಂಘದ ವಾಟ್ಸಾಪಿಗೆ ಮಾತಿನಲ್ಲೇ ಕಳಿಸಿದಳು: "ಮೂವತ್ತೆರಡು ಮನೇಲೂ ಒಂದೇ ಸರ್ತಿ ನಾಲ್ಕನೇ ಜ್ವರ ಬಂದೈತೆ. ಎಲ್ಲಾ ಮಲಗವೆ. ಬೆಳಗ್ಗೆಯಿಂದ ಏನೂ ತಿಂತಿಲ್ಲ. ಇದೊಂದು ದಾಟಿದ್ರೆ ಬದುಕ್ಕೊಂತವೆ."

ಕಾರ್ಯದರ್ಶಿ ಹರಿಕೃಷ್ಣ ಬೆಂಗಳೂರಿನವರು. ಅದನ್ನು ಕೇಳಿ ಗಾಬರಿಯಾದರು. ಅಲ್ಲಿನ ಜೊತೆ ಸಂಸ್ಥೆಗೆ ಫೋನು ಮಾಡಿದರು. ಮಾರನೇ ದಿನವೇ ಮೂಗು ಬಾಯಿ ಮುಚ್ಚಿಕೊಂಡವರು ವ್ಯಾನಿನಲ್ಲಿ ಬಂದು ಇಬ್ಬರನ್ನೂ ಕೂರಿಸಿಕೊಂಡು ಹೋದರು. ಜ್ವರ ಹುಳಕ್ಕೆ ಎಂದು ವೆಂಕಟರವಣಪ್ಪ ಹರಿಕೃಷ್ಣರಿಗೆ ಫೋನಿನಲ್ಲಿ ವಿವರಿಸಿದ್ದ. "ಟಿಕೆಟ್ ಆಗಿದೆ, ಮೊದಲು ಬನ್ನಿ, ಆಮೇಲೆ ನೋಡೋಣ" ಎಂದಿದ್ದರು. ಅವನು ವಿಮಾನ ಹತ್ತಿದ. ಹೆಂಡತಿಯೂ ಹತ್ತಬೇಕಾಯಿತು.

ಬಂದು ಐದು ದಿನವಾಗಿತ್ತು. ಅಷ್ಟರಲ್ಲಿ ನಕಾಟೊ ಆರು ಸಲ ಫೋನು ಮಾಡಿದ್ದಳು. ಜ್ವರದ ಊರು ಎಂದು ಸಂತೆಯಲ್ಲಿ ಆ ಹಳ್ಳಿಯ ಹೆಂಗಸರಿಗೆ ಕೂರಲು ಜಾಗ ಕೊಡುತ್ತಿಲ್ಲ. ಬಾಳೆಗೊನೆ ಮನೆಯಲ್ಲೇ ಹಣ್ಣಾಗಿ ಕೊಳೆಯುತ್ತಿದೆ. ಪಕ್ಕದೂರಿನ ಸ್ಕೂಲಿನಿಂದ ಮಕ್ಕಳನ್ನು ವಾಪಸು ಕಳಿಸಿದ್ದಾರೆ. ಜ್ವರ ಇಲ್ಲ ಎಂದು ಸಂಘದಿಂದ ಒಂದು ಕಾಗದ ಹೋಗಬೇಕು. ಗಂಗುಲಮ್ಮನಿಗೆ ಬೇಕಾದದ್ದು ಅದೊಂದೇ.

ಹರಿಕೃಷ್ಣ ಒಳಗೆ ಬಂದರು. ಹಿಂದೆ ಕಚೇರಿಯ ಗುಮಾಸ್ತ ಚಲಪತಿ, ಕೈಯಲ್ಲಿ ಎರಡು ಶಾಲು, ಎರಡು ಹಾರ.

"ಏನಮ್ಮ, ಆರಾಮಾ? ಹನ್ನೆರಡಕ್ಕೆ ಶುರು ಮಾಡ್ಬಿಡೋಣ. ನೀವು ಮಾತಾಡೋದೇನೂ ಬೇಡ."

"ಕಾಗದ ಬರ್ದ್ರಾ ಸಾರ್?"

"ಮುಂದಿನ ತಿಂಗಳು ಸಭೆ ಇದೆಯಲ್ಲ, ಅಲ್ಲಿ ಇಡ್ತೀನಿ. ಅವಸರ ಮಾಡೋ ವಿಷಯ ಅಲ್ಲ ಇದು. ಪತ್ರಿಕೆಯಲ್ಲಿ ಆಗಲೇ ಹಾಕಿದೀವಿ. ಮಾತ್ರೆ, ಸೊಳ್ಳೆಪರದೆ ಎಲ್ಲ ಕಳಿಸಿದೀವಿ. ಈಗ ಜ್ವರ ಮನುಷ್ಯರಿಗಲ್ಲ ಹುಳಕ್ಕೆ ಅಂದ್ರೆ ಜನ ನಗಲ್ವಾ?"

"ನಗ್ಲಿ. ನಗೋ ಅಂಥದ್ದು ಮಾಡಿದ್ಮೇಲೆ ನಗ್ತಾರೆ."

ಚಲಪತಿ ರೇಷ್ಮೆ ಬೆಳೆಯುವ ಮಂಡಿಕಲ್ಲಿನವನು. ಸಂದೇಶ ಬಂದ ದಿನ ರಜೆಯಲ್ಲಿದ್ದ. "ನಮ್ಮನೇ ಮಗೂನ ಕೇಳಿದ್ರೂ ಹೇಳ್ತಿತ್ತು ಸಾರ್, ನಾಲ್ಕನೇ ಜ್ವರ ಅಂದ್ರೇನು ಅಂತ," ಎಂದು ಮೆಲ್ಲಗೆ ಹೇಳಿದ.

"ನೀನು ಶಾಲು ತಗೊಂಡು ಒಳಗೆ ಇಡಪ್ಪ," ಎಂದರು ಹರಿಕೃಷ್ಣ. ಅವನು ಶಾಲುಗಳನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತ. ಹರಿಕೃಷ್ಣ ಕುರ್ಚಿ ಎಳೆದುಕೊಂಡರು. "ನೋಡಿ ಗಂಗುಲಮ್ಮ, ಇನ್ನೊಂದು ವಿಷಯ. ನಿಮ್ಮನ್ನ ಕಳಿಸಿದ್ದು ಧಮ್ಮ ಹೇಳೋಕೆ. ನೀವಲ್ಲಿ ಹುಳ ಸಾಕಿದ್ರಿ. ಗೂಡು ಆದ್ಮೇಲೆ ಅದನ್ನ ಏನು ಮಾಡ್ತಾರೆ? ಬೇಯಿಸ್ತಾರೆ. ಪಂಚಶೀಲದಲ್ಲಿ ಮೊದಲನೇದೇ ಕೊಲ್ಲಬಾರದು ಅಂತ. ಇದೆಲ್ಲ ಹೊರಗೆ ಬಂದ್ರೆ ಸಂಘದ ಮರ್ಯಾದೆ ಏನು? ನಿಮ್ಮ ಒಳ್ಳೇದಕ್ಕೇ ಜ್ವರ ಜ್ವರವಾಗೇ ಇರ್ಲಿ ಅಂತಿದೀನಿ."

"ಹೋದ ವರ್ಷ ನಿಮ್ಮ ಮಗಳ ಮದ್ವೇಲಿ ನಿಮ್ಮನೆಯವ್ರು ಉಟ್ಟಿದ್ದು ಹತ್ತಿ ಸೀರೇನಾ ಸಾರ್?"

"ಗಂಗೂ," ಎಂದ ವೆಂಕಟರವಣಪ್ಪ.

"ನೀವು ಸುಮ್ನಿರಿ. ಬಿಸ್ನೀರಲ್ಲಿ ಬೆಂದಿರೋ ಕೈ ನಂದು. ಹುಳ ಸಾಯ್ತದೆ ಅಂತ ನಂಗೆ ಹೇಳ್ಕೊಡಕ್ಕೆ ಬಂದವ್ರೆ. ಅದು ನಂಗೂ ಬುದ್ಧಂಗೂ ಇರೋ ಮಾತು, ನಾನು ಅವನ ಹತ್ರ ಆಡ್ಕೊಂತೀನಿ. ಈಗ ಇನ್ನೊಂದು ಕೇಳ್ತೀನಿ, ಹೇಳಿ. ಜ್ವರ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ದಿದ್ರೆ ಹೋಗ್ಲಿ, ಪೇಟೆಯವ್ರು. ಆದ್ರೆ ಕನ್ನಡ ಗೊತ್ತಲ್ಲ? ನಾನು ಏನಂದೆ? 'ಮಲಗವೆ' ಅಂದೆ. 'ತಿಂತಿಲ್ಲ, ಬದುಕ್ಕೊಂತವೆ' ಅಂದೆ. ಮಲಗವ್ರೆ ಅಂದ್ನಾ? ಬದುಕ್ಕೊಂತಾರೆ ಅಂದ್ನಾ?"

ಹರಿಕೃಷ್ಣರಿಗೆ ತಕ್ಷಣ ಅರ್ಥವಾಗಲಿಲ್ಲ. "ನೀವು ಹಳ್ಳಿ ಕಡೆಯವರು. ಮಾತಲ್ಲಿ ಹಾಗೇ ಬರುತ್ತೆ ಅಂದ್ಕೊಂಡೆ."

"ಹಳ್ಳಿ ಕಡೆಯವ್ರು ಮನುಷ್ಯರಿಗೆ 'ಅವೆ' ಅನ್ನಲ್ಲ ಸಾರ್. ಮಕ್ಕಳಿಗೆ ಮುದ್ದಿಗೆ ಅಂತೀವಿ, ದನಕ್ಕೆ ಅಂತೀವಿ. ಮೂವತ್ತೆರಡು ಮನೆ ದೊಡ್ಡೋರಿಗೆ ಅಂತೀವಾ? ನಿಮ್ಮ ಕಿವಿಗೆ ಅದು ಎಲ್ಲೂ ತಟ್ಟಲಿಲ್ಲ. ಯಾಕೆ ತಟ್ಟಲಿಲ್ಲ? ಕರೀ ಜನ, ದೂರದವ್ರು, ಅವಕ್ಕೆ ಅವೆ ಅಂದ್ರೆ ಸರಿಯಾಗೇ ಐತೆ ಅಂತ ಕೇಳಿಸ್ಕೊಂಡ್ರಿ."

ಅವಳ ದನಿ ಏರಲಿಲ್ಲ. ಅವಳು ಹುಟ್ಟಿದ ಊರಿನಲ್ಲಿ ತೋಟದ ಯಜಮಾನ ಬೆಳಿಗ್ಗೆ ಬದುವಿನ ಮೇಲೆ ನಿಂತು ಮೇಸ್ತ್ರಿಯನ್ನು ಕೇಳುತ್ತಿದ್ದ, ಕೇರಿಯಿಂದ ಎಷ್ಟು ಬಂದವೆ ಇವತ್ತು ಎಂದು. ಅವಳ ಅವ್ವ ಮುನಿಯಮ್ಮನೂ ಆ ಬಂದವುಗಳಲ್ಲಿ ಒಂದು. ಗಂಡಹೆಂಡಿರಿಬ್ಬರೂ ಬುದ್ಧನ ಕಡೆಗೆ ನಡೆದದ್ದು ಪುಸ್ತಕ ಓದಿ ಅಲ್ಲ, ಆ ಒಂದು ಮಾತಿನಿಂದ ಹೊರಗೆ ಬರಲಿಕ್ಕೆ. ಇದನ್ನು ಹರಿಕೃಷ್ಣರಿಗೆ ಹೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಅನ್ನಿಸಿತು. ವೆಂಕಟರವಣಪ್ಪನಿಗೆ ಹೇಳಬೇಕಾಗಿರಲಿಲ್ಲ. ಅವನು ನೆಲ ನೋಡುತ್ತಿದ್ದ.

"ನೀವು ಭಾವನಾತ್ಮಕವಾಗಿ ಮಾತಾಡ್ತಿದೀರಿ," ಎಂದರು ಹರಿಕೃಷ್ಣ ಎದ್ದು. "ಇವತ್ತು ವೇದಿಕೆ ಮೇಲೆ ಬಂದು ಸುಮ್ನೆ ಕೂತ್ಕೊಳ್ಳಿ ಸಾಕು. ಮುಂದಿನ ವರ್ಷ ಅದೇ ಊರಿಗೆ ಮತ್ತೆ ಕಳಿಸ್ತೀನಿ. ಇಬ್ಬರನ್ನೂ. ಮೇಷ್ಟ್ರೇ, ಮನೆಯವರಿಗೆ ಸ್ವಲ್ಪ ಹೇಳಿ."

ಅವರು ಹೊರಗೆ ಹೋದರು.

ಗಂಗುಲಮ್ಮ ಗಂಡನ ಕಡೆ ತಿರುಗಿದಳು. "ಬರೀರಿ."

"ಏನು?"

"ಕಾಗದ. ಇಂಗ್ಲಿಷಲ್ಲಿ. ಹೇಳ್ದೋಳು ನಾನು, ಜ್ವರ ಬಂದಿದ್ದು ಹುಳಕ್ಕೆ. ನನ್ನ ಹೆಸರಲ್ಲಿ ಬರೀರಿ, ನಾನು ರುಜು ಹಾಕ್ತೀನಿ."

ಚಲಪತಿ ಮೇಜಿನ ಖಾನೆ ಎಳೆದು ಸಂಘದ ಹೆಸರಿರುವ ಹಾಳೆಗಳ ಕಟ್ಟನ್ನು ತೆಗೆದು ವೆಂಕಟರವಣಪ್ಪನ ಮುಂದಿಟ್ಟ. "ನಾನು ನೋಡ್ಲಿಲ್ಲ ಮೇಷ್ಟ್ರೇ," ಎಂದು ಕಿಟಕಿಯ ಕಡೆ ಹೋಗಿ ನಿಂತ.

ವೆಂಕಟರವಣಪ್ಪ ಪೆನ್ನು ತೆಗೆದ. ನಿಧಾನವಾಗಿ ಬರೆದ. ಅವನ ಅಕ್ಷರ ದುಂಡಗೆ, ಬೋರ್ಡಿನ ಮೇಲೆ ಬರೆದ ಹಾಗೆ. ಆರು ಸಾಲು.

"ಓದಿ."

"ಕೆಲವು ತಪ್ಪು ತಿಳುವಳಿಕೆಗಳ ಕಾರಣದಿಂದ ಹಳ್ಳಿಯಲ್ಲಿ ಜ್ವರ ಇದೆ ಎಂಬ ಮಾಹಿತಿ ಹರಡಿರುವುದಕ್ಕೆ ವಿಷಾದಿಸುತ್ತೇವೆ ಅಂತ..."

"ತಪ್ಪು ಯಾರ್ದು?"

"ಹೀಗೇ ಬರೆಯೋದು ಕಣಮ್ಮ. ಆಫೀಸಿನ ಕಾಗದ."

"ಯಾರೂ ಮಾಡ್ದಿರೋ ತಪ್ಪಿಗೆ ಆ ಹೆಂಗಸ್ರು ಯಾಕೆ ಸಂತೆಯಿಂದ ಎದ್ದೋಗ್ಬೇಕು? ನೀವೇ ಸಂತೆಯವರಾಗಿದ್ರೆ ಇದನ್ನ ನಂಬ್ತಿದ್ರಾ? ನಾನು ಹುಳಕ್ಕೆ ಅಂದೆ, ನಮ್ಮ ಕಾರ್ಯದರ್ಶಿ ಜನಕ್ಕೆ ಅಂತ ತಿಳ್ಕೊಂಡ್ರು, ಗೊತ್ತಾದ ಮೇಲೂ ಸುಮ್ನಿದ್ರು. ಅಷ್ಟನ್ನೂ ಬರೀರಿ."

ವೆಂಕಟರವಣಪ್ಪ ಪೆನ್ನು ಕೆಳಗಿಟ್ಟ. "ಅದನ್ನ ಬರೆದ್ರೆ ಇವರು ನಮ್ಮನ್ನ ಮತ್ತೆ ಕಳಿಸಲ್ಲ."

"ಗೊತ್ತು."

"ನಿಂಗೆ ಗೊತ್ತಿಲ್ಲ. ಹನ್ನೊಂದು ತಿಂಗಳು ಯಾರಾದ್ರೂ ನನ್ನ ಕೇಳಿದ್ರಾ, ನೀವು ಯಾವ ಪೈಕಿ ಅಂತ? ಎಲ್ಲರ ಮನೇಲೂ ಒಳಗೆ ಕರ್ಕೊಂಡೋಗಿ ಕೂರಿಸಿದ್ರು. ಅರವತ್ತನಾಲ್ಕು ವರ್ಷಕ್ಕೆ ಮೊದಲ್ನೇ ಸಲ. ನಂಗೆ ಅಲ್ಲಿಗೆ ಹೋಗ್ಬೇಕು ಕಣೇ."

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ಏನನ್ನೂ ಹೀಗೆ ಬೇಕೆಂದು ಕೇಳಿರಲಿಲ್ಲ. ಗಂಗುಲಮ್ಮನಿಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು, ಇನ್ನೂ ಹೆಚ್ಚಾಗಿ.

"ನಿಮ್ಮನ್ನ ಒಳಗೆ ಕರ್ಕೊಂಡೋಗಿ ಕೂರಿಸ್ದೋರ್ನ ಇವತ್ತು ಸಂತೆಯಿಂದ ಎಬ್ಬಿಸ್ತಾವ್ರೆ. ನೀವು ಶಾಲು ಹೊದ್ಕೊಂಡು ಸುಮ್ನೆ ಕೂತು, ಮುಂದಿನ ವರ್ಷ ಹೋಗಿ ಅವರ ಮನೇಲಿ ಯಾವ ಮುಖ ಇಟ್ಕೊಂಡು ಉಣ್ತೀರಿ? ಹೋಗೋದಾದ್ರೆ ಒಬ್ರೇ ಹೋಗಿ. ನಾನು ಆ ಮನೆ ಬಾಗಿಲು ತುಳಿಯಲ್ಲ."

ಸಭಾಂಗಣದಲ್ಲಿ ಮೈಕು ಕಿರುಗುಟ್ಟಿತು. ಯಾರೋ ಸ್ವಾಗತ ಹೇಳಲು ಶುರು ಮಾಡಿದರು. ವೆಂಕಟರವಣಪ್ಪ ಬರೆದ ಹಾಳೆಯನ್ನು ಹರಿದ. ಇನ್ನೊಂದು ತೆಗೆದುಕೊಂಡ. ಈ ಸಲ ನಡುನಡುವೆ ನಿಂತು, ಹೆಂಡತಿ ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಹರಿಕೃಷ್ಣರ ಹೆಸರು ಬಂದಲ್ಲಿ ಅವನ ಕೈ ಸ್ವಲ್ಪ ತಡೆಯಿತು, ಆದರೆ ಬರೆದ. ಓದಿ ಹೇಳಿದ. ಗಂಗುಲಮ್ಮ ಕನ್ನಡದಲ್ಲಿ ತನ್ನ ಹೆಸರಿನ ನಾಲ್ಕಕ್ಷರ ಒತ್ತಿ ಬರೆದಳು. ಅದರ ಕೆಳಗೆ ಅವನು ತನ್ನ ರುಜುವನ್ನೂ ಹಾಕಿದ. ಅವಳು ಅದನ್ನು ಕೇಳಿರಲಿಲ್ಲ.

ಚಲಪತಿ ಕಾಗದದ ಫೋಟೊ ತೆಗೆದು ಅಲ್ಲಿನ ಜೊತೆ ಸಂಸ್ಥೆಗೂ ನಕಾಟೊಳ ಫೋನಿಗೂ ಕಳಿಸಿದ. "ಹೋಯ್ತಮ್ಮ," ಎಂದ.

ಮೈಕಿನಲ್ಲಿ ಅವರಿಬ್ಬರ ಹೆಸರು ಕರೆದರು. ಚಪ್ಪಾಳೆ ಬಿತ್ತು. ವೆಂಕಟರವಣಪ್ಪ ಎದ್ದು ನಿಂತವನು ಮತ್ತೆ ಕೂತ. ಎರಡನೇ ಸಲ ಕರೆದರು. ಹರಿಕೃಷ್ಣ ಬಾಗಿಲಿಗೆ ಬಂದು ಮೇಜಿನ ಮೇಲಿದ್ದ ಹಾಳೆಯ ಕಟ್ಟನ್ನು ನೋಡಿದರು, ಚಲಪತಿಯ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಕೈ ಚಾಚಿ ಇಸಿದುಕೊಂಡು ಓದಿದರು.

"ಇದರ ಪರಿಣಾಮ ಗೊತ್ತಲ್ವಾ ನಿಮಗೆ?"

"ಗೊತ್ತು ಸಾರ್," ಎಂದ ವೆಂಕಟರವಣಪ್ಪ. "ಸ್ಪೆಲಿಂಗ್ ಏನಾದ್ರೂ ತಪ್ಪಿದ್ರೆ ಹೇಳಿ."

ಹರಿಕೃಷ್ಣ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು ವೇದಿಕೆಗೆ ಹೋದರು. ದಂಪತಿಗಳ ಆರೋಗ್ಯ ಸರಿಯಿಲ್ಲವೆಂದು ಮೈಕಿನಲ್ಲಿ ಹೇಳಿದರು.

ಆಗ ಗಂಗುಲಮ್ಮನ ಫೋನು ಹೊಡೆಯಿತು. ನಕಾಟೊ, ವಿಡಿಯೊದಲ್ಲಿ. ಅವಳ ಹಿಂದೆ ತಟ್ಟೆಗಳು, ತಟ್ಟೆ ತುಂಬ ದಪ್ಪ ಹುಳ. ಕಾಗದ ಬಂತು, ಅದನ್ನು ಅಚ್ಚು ಹಾಕಿಸಿಕೊಂಡು ನಾಳೆ ಎಲ್ಲ ಹೆಂಗಸರೂ ಸಂತೆಗೆ ಹೋಗುತ್ತೇವೆ ಎಂದಳು. ಗಂಗುಲಮ್ಮನಿಗೆ ಅರ್ಧ ತಿಳಿಯಿತು, ಉಳಿದರ್ಧ ವೆಂಕಟರವಣಪ್ಪ ಹೇಳಿದ. ಆಮೇಲೆ ನಕಾಟೊ ಕೇಳಿದ್ದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

"ಮಾಮಾ, ವೆನ್ ಕಮಿಂಗ್?"

ವೆಂಕಟರವಣಪ್ಪ ಮುಖ ತಿರುಗಿಸಿದ.

"ನೋ ಕಮಿಂಗ್," ಎಂದಳು ಗಂಗುಲಮ್ಮ. ನಕಾಟೊ ಏನೋ ಹೇಳಲು ಹೋದಳು. ಗಂಗುಲಮ್ಮ ಬಿಡಲಿಲ್ಲ. "ಅಳೋದು ಆಮೇಲೆ ಅಳೀವಂತೆ. ಒಂದು ಹುಳ ತೆಗ್ದು ಬೆಳಕಿಗೆ ಹಿಡಿ, ಗೂಡು ಕಟ್ಟಕ್ಕೆ ಹಣ್ಣಾಗೈತಾ ನೋಡಣ. ಅದಲ್ಲ, ಆ ಮೂಲೇದು. ಹಿಡಿ ಅಂದೆ."

ನಕಾಟೊಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಮೂಲೆಯ ಹುಳವನ್ನೇ ತೆಗೆದು ಬೆಳಕಿಗೆ ಹಿಡಿದಳು.