‘ಗೆಟ್ ಔಟ್’ ಎಂದರೆ

ಹೋಟೆಲಿನ ನೆಲಮಾಳಿಗೆಯಲ್ಲಿ ಹರಿದ ಬಟ್ಟೆಗಳಿಗೆ ರಫು ಹಾಕುವ ಹೆಂಗಸನ್ನು ಎಲ್ಲರೂ ಸೂಜಕ್ಕ ಎಂದೇ ಕರೆಯುತ್ತಿದ್ದರು. ಅವಳು ಹೊಲಿದ ಮೇಲೆ ಹರಿದದ್ದೆಲ್ಲಿ ಎಂದು ಅವಳೇ ಹುಡುಕಬೇಕು, ಹಾಗಿತ್ತು ಕೈ. ಅತಿಥಿಗಳ ಮುಖ ಮಾತ್ರ ಅವಳು ಕಂಡದ್ದಿಲ್ಲ.

ಒಂದು ದಿನ ಮೂರನೇ ಮಹಡಿಯ ವಿದೇಶಿ ಹೆಂಗಸು, ಅಜ್ಜಿಯ ಕಾಲದ ಶಾಲನ್ನು ರಫು ಹಾಕಿದವಳೇ ತಂದುಕೊಡಲಿ ಎಂದು ಹೇಳಿಕಳಿಸಿದಳು. ಸೂಜಕ್ಕ ಒಯ್ದುಕೊಟ್ಟಳು. ಹೆಂಗಸು ಶಾಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಣ್ಣರಳಿಸಿ ಕೂಗಿದಳು: “ಗೆಟ್ ಔಟ್!”

ಸೂಜಕ್ಕನಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಅದೂ ಒಂದು. ಮುಖ ಕೆಂಪಾಗಿ, ಸರಕ್ಕನೆ ಹೊರಬಿದ್ದು ಮೆಟ್ಟಿಲಿಳಿದಳು.

ಅಲ್ಲೇ ಇಸ್ತ್ರಿ ಮಾಡುತ್ತಿದ್ದ, ಅಷ್ಟಿಷ್ಟು ಇಂಗ್ಲಿಷ್ ಬಲ್ಲ ನಾದಿನಿ ಸಂಗತಿ ಕೇಳಿ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅತ್ತಿಗೆ, ಅದು ಬೈಗುಳ ಅಲ್ಲ. ನಾವು ‘ಹೋಗೇ, ಸುಳ್ಳು ಹೇಳ್ಬೇಡ’ ಅನ್ನಲ್ವಾ? ಆಶ್ಚರ್ಯ ಆದ್ರೆ ಅವರು ಹಾಗಂತಾರೆ.”

“ಮತ್ತೆ ನಿಜವಾಗ್ಲೂ ಆಚೆ ಹೋಗು ಅನ್ನೋಕೆ?”

“ಅದಕ್ಕೂ ಅದೇ.”

“ಚೆನ್ನಾಗಿದೆ! ಯಾವುದು ಯಾವಾಗ ಅಂತ ಗೊತ್ತಾಗೋದು ಹೇಗೆ?”

“ನಂಗೇನು ಗೊತ್ತು? ಬಿಟ್ಹಾಕಿ.”

“ಬಿಡೋ ಮಾತೇ ಇಲ್ಲ. ಅವರ ಬಾಯಿಂದಲೇ ಕೇಳ್ತೀನಿ. ನಡಿ, ನೀನೂ ಬಾ.”

ಬಾಗಿಲು ತೆರೆದ ಹೆಂಗಸು ವಿಷಯ ತಿಳಿದು ಪೆಚ್ಚಾದಳು. ಕ್ಷಮೆ ಕೇಳಿ ಇಬ್ಬರನ್ನೂ ಕೂರಿಸಿ, ಎದ್ದು ನಿಂತು ಮಾಡಿ ತೋರಿಸಿದಳು. ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ಬೆರಳು ಮಾಡಿದರೆ ಹೊರಗೆ ಹೋಗು. ಎದೆಯ ಮೇಲೆ ಕೈಯಿಟ್ಟು ದನಿ ಏರಿಸಿದರೆ ಬೆರಗು. ಬೆರಗಿಗೇ ಹೇಳುವ ‘ಯೂ ಡೋಂಟ್ ಸೇ’ ಎಂಬುದನ್ನೂ ಕಲಿಸಿದಳು. ನಾದಿನಿ ಪದಪದವಾಗಿ ಕನ್ನಡಕ್ಕೆ ತಿರುಗಿಸಿದಳು.

“ನೀವು ಹೇಳಲ್ಲ ಅಂದ್ರೆ, ಹೌದಾ ಅಂತಾನಾ? ಇವರ ಮಾತೆಲ್ಲ ಒಳಮಗ್ಗುಲು ಹೊರಗೆ!” ಎಂದಳು ಸೂಜಕ್ಕ.

‘ಗೆಟ್ ಔಟ್’ ಸಲಿಗೆ ಇದ್ದವರಿಗೆ ಮಾತ್ರ, ಗುರುತಿಲ್ಲದವರ ಹತ್ತಿರ ‘ರಿಯಲಿ’ ಸಾಕು, ತಾನು ಖುಷಿಯಲ್ಲಿ ಅದನ್ನು ಮರೆತೆ ಎಂದಳು ಹೆಂಗಸು. ಸೂಜಕ್ಕ ‘ರಿಯಲಿ’ಯನ್ನು ದನಿಯೇರಿಸಿ, ದನಿಯಿಳಿಸಿ, ಆಕೆ ತಲೆದೂಗುವ ತನಕ ಹೇಳಿ ಹೇಳಿ ಪಳಗಿಸಿಕೊಂಡಳು.

ಮರುದಿನ ನೇರ ಮ್ಯಾನೇಜರನ ಬಳಿ ಹೋದಳು. “ಇನ್ಮೇಲೆ ನಾನು ಹೊಲಿದದ್ದನ್ನ ನಾನೇ ಕೊಟ್ಟು ಬರ್ತೀನಿ.”

“ನಿಂಗೆ ಇಂಗ್ಲಿಷ್ ಎಲ್ಲಿ ಬರುತ್ತಮ್ಮಾ?”

“ಬರಲ್ಲ, ಕಲೀತೀನಿ. ಅರ್ಥ ಆಗ್ದಿದ್ರೆ ಅಲ್ಲೇ ನಿಂತು ಕೇಳ್ತೀನಿ. ಓಡಿ ಬರೋದಿಲ್ಲ.”

ಮ್ಯಾನೇಜರ್ ಗೊಣಗುತ್ತಲೇ ಒಪ್ಪಿದ. ಮಧ್ಯಾಹ್ನ ಸೂಜಕ್ಕ ಮುದುಕರೊಬ್ಬರ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಎರಡನೇ ಮಹಡಿಗೆ ಹತ್ತಿ, ಬಾಗಿಲು ತಟ್ಟಿದಳು.